ಲಿಸ್ಬನ್ನಿಗೆ ಹೊರಟವಳ ಹಸಿವು

ಲಿಸ್ಬನ್ನಿಗೆ ಹೋಗುವ ಮಾತು ಮೊದಲು ಎದ್ದದ್ದು ನಮ್ಮ ಗಿರಣಿಯ ಕಟ್ಟೆಯ ಮೇಲೆ, ಒಂದು ಮಂಗಳವಾರ. ಮಂಗಳವಾರ ನಮ್ಮಲ್ಲಿ ಖಾರದ ದಿನ. ಉಳಿದ ದಿನ ರಾಗಿ, ಗೋಧಿ, ಅಕ್ಕಿ ಬೀಸುತ್ತೇವೆ. ಮೆಣಸಿನಕಾಯಿಯನ್ನು ಮಾತ್ರ ವಾರಕ್ಕೊಂದು ದಿನ ಒಟ್ಟಿಗೆ ಹಾಕಿ ಪುಡಿ ಮಾಡುತ್ತೇವೆ. ಅವತ್ತು ಬೀದಿಯಲ್ಲಿ ಹೋಗುವವರು ಸೆರಗನ್ನೋ ಟವೆಲನ್ನೋ ಮೂಗಿಗೆ ಹಿಡಿದುಕೊಂಡೇ ಹೋಗುತ್ತಾರೆ. ನಾನು ಮಾತ್ರ ಮೂಗಿಗೆ ಬಟ್ಟೆ ಕಟ್ಟಿದವಳಲ್ಲ. ಮದುವೆಯಾಗಿ ಬಂದಾಗಿನಿಂದ ಆ ಘಾಟಿನಲ್ಲೇ ಉಸಿರಾಡಿಕೊಂಡು ಬಂದಿದ್ದೇನೆ. ಊರಲ್ಲಿ ರಾಚಮ್ಮ ಅಂದರೆ ಯಾರಿಗೂ ಗೊತ್ತಾಗುವುದಿಲ್ಲ, ಖಾರದ ರಾಚಕ್ಕ ಅನ್ನಬೇಕು. ಅದು ಗಿರಣಿಯಿಂದ ಬಂದ ಹೆಸರು ಮಾತ್ರ ಅಲ್ಲ, ನಾನು ಉಣ್ಣುವುದನ್ನು ನೋಡಿದವರು ಇಟ್ಟ ಹೆಸರು. ಮುದ್ದೆಗೆ ಹಸಿಮೆಣಸಿನಕಾಯಿ ಚಟ್ನಿ, ಚಟ್ನಿಯ ಮೇಲೆ ಒಂದು ಚಿಟಿಕೆ ಖಾರದಪುಡಿ, ಕಡಿದುಕೊಳ್ಳುವುದಕ್ಕೆ ಪಕ್ಕದಲ್ಲೊಂದು ಸುಟ್ಟ ಮೆಣಸಿನಕಾಯಿ. ನೆಂಟರ ಮಕ್ಕಳು ನನ್ನ ತಟ್ಟೆ ನೋಡುವುದಕ್ಕೆಂದೇ ಎದುರಿಗೆ ಬಂದು ಕೂರುತ್ತಿದ್ದವು.

ಅವತ್ತು ಕಟ್ಟೆಯ ಮೇಲೆ ಸೀನುತ್ತ ಕೂತಿದ್ದವಳು ನನ್ನ ನಾದಿನಿ ನೀಲಾಂಬಿಕೆ, ನಮ್ಮ ಯಜಮಾನರ ತಂಗಿ. ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿ ಆ ವರ್ಷವೇ ನಿವೃತ್ತಿಯಾಗಿದ್ದಳು. ಮದುವೆ ಬೇಡವೆಂದು ತಾನೇ ನಿಶ್ಚಯ ಮಾಡಿಕೊಂಡು ಆಚೆ ಬೀದಿಯಲ್ಲಿ ತನ್ನದೇ ಒಂದು ಮನೆ ಕಟ್ಟಿಕೊಂಡಿದ್ದವಳು.

"ಅತ್ಗೆ, ಈ ಮೆಣಸಿನಕಾಯಿ ಅನ್ನೋದು ನಮ್ದಲ್ಲ, ಗೊತ್ತಾ?" ಅಂದಳು.

"ಮತ್ತೆ ಇನ್ಯಾರದ್ದೇ? ನಿಮ್ಮಣ್ಣ ನಿನ್ನೆ ತಾನೆ ಸಂತೆಯಿಂದ ಹೊತ್ಕೊಂಡು ಬಂದಿದ್ದು."

"ಅದಲ್ಲ ಕಣತ್ಗೆ. ಈ ದೇಶದ್ದೇ ಅಲ್ಲ ಅಂದೆ. ಸಮುದ್ರದಾಚೆ ಇನ್ಯಾವುದೋ ಸೀಮೆಯಿಂದ ಪೋರ್ಚುಗೀಸರು ಹಡಗಲ್ಲಿ ತಂದು ನಮಗೆ ಅಂಟಿಸಿ ಹೋಗಿದ್ದು. ಆ ಹಡಗು ಹೊರಡ್ತಿದ್ದ ಊರು ಲಿಸ್ಬನ್ನು. ಈಗ್ಲೂ ಅದೇ ಅವರ ರಾಜಧಾನಿ. ನದಿ ಸಮುದ್ರ ಸೇರೋ ಕಡೆ, ಗುಡ್ಡದ ಮೇಲೆ ಗುಡ್ಡ, ಅದರ ಮೇಲೆಲ್ಲ ಮನೆಗಳು."

"ಅದಕ್ಕೆ ಮುಂಚೆ ನಮ್ಮೋರು ಖಾರಕ್ಕೆ ಏನು ಹಾಕ್ಕೋತಿದ್ರು?"

"ಕರಿಮೆಣಸು."

"ಅಯ್ಯೋ ಪಾಪ," ಅಂದೆ ನಾನು.

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಆದರೆ ನನಗೆ ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ನನ್ನ ಹೆಸರಿನ ಮುಂದೆ ಅಂಟಿಕೊಂಡಿರುವ ಖಾರ ಎಲ್ಲಿಂದಲೋ ಹಡಗು ಹತ್ತಿ ಬಂದದ್ದು. ಆ ಹಡಗು ಹೊರಟ ನೀರಿನ ದಡ ಈಗಲೂ ಇದ್ದಲ್ಲೇ ಇದೆ. ನೀಲಾಂಬಿಕೆ ಮೂಗು ಒರೆಸಿಕೊಂಡು, "ಗೋಡೆ ಮೇಲಿನ ಭೂಪಟಕ್ಕೆ ಕೋಲು ಇಟ್ಟು ಇಟ್ಟು ಆ ಊರಿನ ಜಾಗದಲ್ಲಿ ತೂತೇ ಬಿದ್ದಿತ್ತು. ಒಂದ್ಸಲ ಕಣ್ಣಾರೆ ನೋಡ್ಬೇಕು. ಬಾ, ಹೋಗಿಬರೋಣ. ಇನ್ನು ಮೂರು ತಿಂಗಳಿಗೆ ಹಬ್ಬ, ಗುರುವಾರ ಬಂದಿದೆ. ಶುಕ್ರವಾರ ಗಿರಣಿಗೆ ರಜ ಕೊಡು. ಶನಿವಾರ, ಭಾನುವಾರ. ನಾಲ್ಕು ದಿನ ಸಿಕ್ತಲ್ಲ," ಅಂದಳು.

ಕಟ್ಟೆಯ ಮೇಲಿನ ನಗು ನಿಂತಿತು. ಒಳಗೆ ನಮ್ಮ ಯಜಮಾನರೂ ಯಂತ್ರ ನಿಲ್ಲಿಸಿದರು. ಯಾಕೆಂದರೆ ನಾನು ಈ ಊರಿಗೆ ಸೊಸೆಯಾಗಿ ಬಂದಮೇಲೆ ಗಡಿಕಲ್ಲು ದಾಟಿ ಒಂದು ದಿನವೂ ಹೊರಗೆ ಹೋದವಳಲ್ಲ ಅನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಒಂದು ಸಲ ಹೊರಟಿದ್ದೆ, ಅದನ್ನು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ.

ನಮ್ಮೂರಿನ ಗಡಿಕಲ್ಲು ದಾಟಿದವರ ಜೊತೆ ಅವರ ಹಸಿವು ಹೋಗುವುದಿಲ್ಲ, ಊರಲ್ಲೇ ಉಳಿಯುತ್ತದೆ. ಹೊರಡುವವರು ಕಲ್ಲಿನ ಹತ್ತಿರ ನಿಂತು, ಉಳಿಯುವವರೊಬ್ಬರ ಬಾಯಿಗೆ ತಮ್ಮ ಕೈಯಾರೆ ಒಂದು ತುತ್ತು ಇಟ್ಟು ಹೋಗುತ್ತಾರೆ. ಅವರು ಬರುವ ತನಕ ಆ ಹಸಿವು ಇವರದು. ವಾಪಸು ಬಂದಾಗ ಅದೇ ಕಲ್ಲಿನ ಹತ್ತಿರ ಇವರು ಅವರಿಗೊಂದು ತುತ್ತು ಇಟ್ಟರೆ ಮುಗಿಯಿತು. ಇದಕ್ಕೆ ನಮ್ಮಲ್ಲಿ ತುತ್ತು ಹಿಡಿಯುವುದು ಅನ್ನುತ್ತಾರೆ. ದಿಬ್ಬಣ ಹೋದ ಮನೆಯಲ್ಲಿ ಉಳಿದವರು ದಿನವಿಡೀ ಒಲೆಯ ಮುಂದೆಯೇ ಇರಬೇಕಾಗುತ್ತದೆ. ಬಸ್ಸಿನ ಕಂಡಕ್ಟರನ ಹೆಂಡತಿ ದಿನವೂ ಎರಡೆರಡು ಊಟ ಉಂಡು ರವಿಕೆ ಬಿಗಿಯಾಯಿತೆಂದು ಗಂಡನನ್ನು ಬಯ್ಯುತ್ತಾಳೆ. ನಾಲ್ಕು ದಿನ ದಾಟಿದರೆ ಹಿಡಿದವರ ಹೊಟ್ಟೆ ತಡೆಯುವುದಿಲ್ಲ. ಆದ್ದರಿಂದ ನಮ್ಮೂರವರು ಎಲ್ಲಿಗೆ ಹೋದರೂ ಅಷ್ಟರೊಳಗೆ ಬಂದುಬಿಡುತ್ತಾರೆ. ತುತ್ತು ಕೊಡದೆ ಕದ್ದು ಹೋಗುವವರಿಲ್ಲ. ಯಾರೂ ಹಿಡಿಯದೆ ಬಿಟ್ಟ ಹಸಿವು ಬೀದಿಯಲ್ಲಿ ಅಲೆದು ಎಳೆಗೂಸುಗಳನ್ನು ಹಿಡಿಯುತ್ತದೆ; ಎಷ್ಟು ಹಾಲು ಕುಡಿದರೂ ಅವು ಅಳು ನಿಲ್ಲಿಸುವುದಿಲ್ಲ. ಆ ಪಾಪ ಯಾರಿಗೆ ಬೇಕು?

ಇನ್ನೊಂದು ಮಾತಿದೆ. ಪ್ರತಿಯೊಬ್ಬರ ಹಸಿವಿಗೂ ಅದರದೇ ಬಾಯಿ ಇರುತ್ತದೆ. ಹಿಡಿದವರು ಸ್ವಲ್ಪ ಹೊತ್ತು ಸುಮ್ಮನೆ ಕೂತರೆ ಅದು ತನಗೆ ಬೇಕಾದ್ದನ್ನು ಕೇಳುತ್ತದೆ. ಏನು ಕೇಳಿತು ಅನ್ನುವುದನ್ನು ಹಿಡಿದವರು ಯಾರಿಗೂ ಹೇಳಬಾರದು, ಹಸಿವಿನ ಒಡೆಯರಿಗೂ ಹೇಳಬಾರದು. ಜಗಳದಲ್ಲಿ ಅಜ್ಜ ಮುತ್ತಜ್ಜಂದಿರನ್ನೆಲ್ಲ ಎಳೆದು ತರುವ ನಮ್ಮೂರಲ್ಲಿ ಈ ಒಂದು ಮರ್ಯಾದೆಯನ್ನು ಮಾತ್ರ ಯಾರೂ ಮೀರಿದ್ದಿಲ್ಲ.

ನನ್ನ ತುತ್ತನ್ನು ಒಂದೇ ಒಂದು ಸಲ ಹಿಡಿದವಳು ನನ್ನ ಓರಗಿತ್ತಿ ಹೊನ್ನಮ್ಮ, ನಮ್ಮ ಮೈದುನನ ಹೆಂಡತಿ. ನನ್ನ ಅಕ್ಕನ ಮಗಳ ಮದುವೆಗೆಂದು ನಾನು ಹೊರಟಿದ್ದೆ. ಹೊನ್ನಮ್ಮ ಒಳ್ಳೆಯವಳು, ಆದರೆ ಯಾವುದಕ್ಕೂ ತಡೆದು ನಿಲ್ಲುವ ಪೈಕಿ ಅಲ್ಲ. ಖಾರದ ರಾಚಕ್ಕನ ಹಸಿವು, ಖಾರ ಬೀಳದಿದ್ದರೆ ಏನು ಮಾಡಿಬಿಡುತ್ತದೋ ಎಂದು ಹೆದರಿ, ಬಸ್ಸು ತಿರುವು ದಾಟುವುದರೊಳಗೆ ಮನೆಗೆ ಓಡಿ ನನ್ನ ಚಟ್ನಿಯ ಗಡಿಗೆಗೇ ಕೈ ಹಾಕಿದಳಂತೆ. ಮಧ್ಯಾಹ್ನದ ಹೊತ್ತಿಗೆ ಅವಳು ನೆಲದಲ್ಲಿ ಹೊರಳಾಡುತ್ತಿದ್ದಾಳೆಂದು ಸುದ್ದಿ ಬಂತು. ನಾನು ದಾರಿಯಲ್ಲೇ ಬಸ್ಸಿಳಿದು ತಿರುಗಿ ಬಂದೆ. ಮದುವೆಗೆ ತೆಗೆದಿಟ್ಟಿದ್ದ ಸೀರೆ ಪೆಟ್ಟಿಗೆಯಿಂದ ಹೊರಗೆ ಬರಲೇ ಇಲ್ಲ. ಅಲ್ಲಿಂದಾಚೆಗೆ ನನ್ನ ಹಸಿವೆಂದರೆ ಊರಿಗೆ ಊರೇ ಕೈ ಮುಗಿಯುತ್ತಿತ್ತು. ಅಕ್ಕನ ಮೊಮ್ಮಗುವಿನ ನಾಮಕರಣ, ತಮ್ಮನ ಹೊಸ ಮನೆಯ ಗೃಹಪ್ರವೇಶ, ಎಲ್ಲವನ್ನೂ ನಾನು ಫೋಟೋದಲ್ಲೇ ನೋಡಿದೆ.

ಈಗ ಹೇಳಿ, ಅಂಥವಳು ಲಿಸ್ಬನ್ನಿಗೆ ಹೋಗುವುದೆಂದರೆ?

ಆದರೂ ನೀಲಾಂಬಿಕೆ ಬಿಡಲಿಲ್ಲ. ಆ ವರ್ಷ ಪಾಸ್‌ಪೋರ್ಟಿನವರ ವ್ಯಾನು ನಮ್ಮೂರಿಗೇ ಬಂದಿತ್ತು. ಕೈ ಹಿಡಿದು ಎಳೆದುಕೊಂಡು ಹೋಗಿ ನನ್ನದೂ ಒಂದು ಮಾಡಿಸಿಬಿಟ್ಟಳು. ಸಂಜೆಯಾದರೆ ಅವಳ ಮನೆಯ ಜಗುಲಿಯಲ್ಲಿ ಕೂತು ಆ ಊರಿನ ಬೀದಿಗಳ ಮಾತು. ಒಂದೇ ಡಬ್ಬಿಯ ಹಳದಿ ಟ್ರಾಮು ಗುಡ್ಡ ಹತ್ತುತ್ತದಂತೆ, ಗಲ್ಲಿ ಎಷ್ಟು ಕಿರಿದೆಂದರೆ ಕಿಟಕಿಯಿಂದ ಕೈ ಚಾಚಿದರೆ ಜನರ ಮನೆಯ ಗೋಡೆ ಸಿಗುತ್ತದಂತೆ. ಮನೆಗಳಿಗೆ ಸುಣ್ಣ ಬಳಿಯುವ ಬದಲು ನೀಲಿ ಬಣ್ಣದಲ್ಲಿ ಚಿತ್ರ ಬರೆದ ಹೆಂಚಿನ ಬಿಲ್ಲೆ ಅಂಟಿಸುತ್ತಾರಂತೆ. ಕಾಲುದಾರಿಗೆಲ್ಲ ಕರಿ ಬಿಳಿ ಕಲ್ಲಿನ ರಂಗೋಲಿ.

"ರಂಗೋಲಿ ತುಳ್ಕೊಂಡು ಓಡಾಡ್ತಾರಾ?" ಅಂದೆ.

"ಅವರದ್ದು ಅಳಿಸಲ್ಲ ಬಿಡು."

ಟಿಕೆಟ್ಟಿನ ಏಜೆಂಟನ ಜೊತೆ ಅವಳು ಫೋನಿನಲ್ಲಿ ಮಾತಾಡಿದ್ದನ್ನು ಪಕ್ಕದಲ್ಲೇ ಕೂತು ಕೇಳಿದ್ದೇನೆ. ಅವನು ಬೆಳಗಿನ ತಿಂಡಿ ಹೋಟೆಲಿನದೇ, ಮಧ್ಯಾಹ್ನ ಅಲ್ಲೇ ಒಂದು ಕಡೆ ನಮ್ಮ ದೇಶದ ಊಟ ಸಿಗುತ್ತದೆ ಎಂದೆಲ್ಲ ಆಸೆ ಹುಟ್ಟಿಸುತ್ತಿದ್ದ. ಇವಳು, "ಊಟ ತಿಂಡಿ ಏನೂ ಬೇಡಪ್ಪ, ಮಲಗೋಕೊಂದು ಕೋಣೆ ಇದ್ರೆ ಸಾಕು," ಅಂದಳು.

"ನಾಲ್ಕು ದಿನಾನೂ ಬೇಡ್ವಾ ಮೇಡಂ? ಏನಾದ್ರೂ ಹರಕೆನಾ?"

"ಹಂಗೇ ಅನ್ಕೊ."

ಪ್ರಯಾಣಕ್ಕೆ ಹೋಗಲು ಒಂದು ದಿನ, ಬರಲು ಒಂದು ದಿನ. ನಡುವೆ ಉಳಿದದ್ದರಲ್ಲಿ ಬೇರೆಯವರು ಊಟಕ್ಕೆ ಕೂತು ಕಳೆಯುವ ಹೊತ್ತೆಲ್ಲ ನಮಗೆ ಲಾಭ ಎಂದು ಅವಳ ಲೆಕ್ಕ. ಅವಳಿಗೇನು, ಅವಳ ತುತ್ತು ಹಿಡಿಯಲು ಜನ ನಾ ಮುಂದು ತಾ ಮುಂದು ಎನ್ನುತ್ತಿದ್ದರು. ಒಂದೂವರೆ ರೊಟ್ಟಿ, ಒಂದು ಲೋಟ ಮಜ್ಜಿಗೆಯ ಹಸಿವು ಅದು. ಹೊನ್ನಮ್ಮನೇ ತಾನು ಹಿಡಿಯುತ್ತೇನೆಂದು ಮೊದಲೇ ಮಾತು ಕೊಟ್ಟುಬಿಟ್ಟಿದ್ದಳು.

ನನ್ನದು ಯಾರು? ಕೇಳದ ಮನೆ ಉಳಿಯಲಿಲ್ಲ. ಕುಸ್ತಿ ಮಾಡುವ ಚಿಕ್ಕೀರಪ್ಪ ನನ್ನನ್ನು ಕಂಡು ಹಿತ್ತಲ ಬಾಗಿಲಿಂದ ಹೋದ. "ಅಕ್ಕಯ್ಯಾ, ನಿಮ್ಮ ಜೊತೆ ಗುಡ್ಡ ಹತ್ತು ಅನ್ನಿ, ಹತ್ತೀನಿ. ನಿಮ್ಮ ಹಸಿವು ಮಾತ್ರ ಬೇಡ, ನಂಗೆ ಇನ್ನೂ ಮದುವೆ ಆಗ್ಬೇಕು," ಎಂದು ಆಮೇಲೆ ಹೇಳಿ ಕಳಿಸಿದ. ಹೊನ್ನಮ್ಮನಂತೂ, "ನಾನು ಒಂದ್ಸಲ ಸತ್ತು ಬದುಕಿದೀನಿ ಕಣಕ್ಕ," ಎಂದು ಹೊಟ್ಟೆ ಹಿಡಿದುಕೊಂಡೇ ಮಾತಾಡಿದಳು.

ಆಗ ನನಗೊಂದು ಉಪಾಯ ಹೊಳೆಯಿತು. ಹಸಿವನ್ನೇ ಸಾಧುಮಾಡಿದರೆ? ಖಾರ ಬಿಟ್ಟು ಸಪ್ಪೆ ಉಂಡರೆ ಅದೂ ಸಪ್ಪೆಯದನ್ನೇ ಕೇಳಬಹುದು. ಒಂದು ವಾರ ಬರೀ ಬೇಳೆಕಟ್ಟು ಅನ್ನ ಉಂಡೆ. ಬಾಯಿಗೆ ಇಟ್ಟರೆ ಏನೂ ಇಟ್ಟಹಾಗೇ ಇರಲಿಲ್ಲ, ಒದ್ದೆ ಹತ್ತಿ ಅಗಿದಂತೆ. ರಾಗಿ ಬೀಸಿಸಲು ಬಂದವರ ಮೇಲೆಲ್ಲ ರೇಗಿದೆ. ಕೊನೆಗೆ ನಮ್ಮ ಯಜಮಾನರೇ ಒಂದು ಸುಟ್ಟ ಮೆಣಸಿನಕಾಯಿ ತಂದು ತಟ್ಟೆಯಲ್ಲಿಟ್ಟು, "ತಿನ್ನು, ಗಿರಾಕಿಗಳು ಓಡಿಹೋಗ್ತಾರೆ," ಅಂದರು.

ಅವರ ಮಾತು ಹೇಳಬೇಕು. ಹೆಸರು ಗುರುಶಾಂತಪ್ಪ. ಹೆಸರಿಗೆ ತಕ್ಕ ಮನುಷ್ಯ. ಹೊಟ್ಟೆಯಲ್ಲಿ ಹುಣ್ಣಾಗಿ ಡಾಕ್ಟರು ಖಾರ ಮುಟ್ಟಬೇಡ ಎಂದ ಮೇಲೆ ಮೊಸರನ್ನಕ್ಕೆ ನಿಂತವರು. ಖಾರದ ದಿನ ಮೂಗು ಬಾಯಿಗೆ ಎರಡು ಸುತ್ತು ಬಟ್ಟೆ ಕಟ್ಟಿಕೊಂಡೇ ಯಂತ್ರದ ಮುಂದೆ ನಿಲ್ಲುತ್ತಾರೆ. ಒಂದು ತುತ್ತನ್ನು ಅಗಿಯಲು ಅವರು ತೆಗೆದುಕೊಳ್ಳುವ ಹೊತ್ತಿನಲ್ಲಿ ನನ್ನ ಊಟವೇ ಮುಗಿದಿರುತ್ತದೆ. ಅವರನ್ನು ಕೇಳಬೇಕೆಂದು ನನಗೆ ತೋಚಲೇ ಇಲ್ಲ, ತೋಚಬಾರದು ಕೂಡ.

ಅಷ್ಟರಲ್ಲಿ ವೀಸಾದ ವಿಷಯ ಬಂತು. ಬೆರಳಚ್ಚು ಕೊಡಲು ಖುದ್ದು ನಾನೇ ದೊಡ್ಡ ಪೇಟೆಗೆ ಹೋಗಬೇಕು, ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದು ಎಂದು ನೀಲಾಂಬಿಕೆ ಹೇಳಿದಳು. "ಆಯ್ತಲ್ಲ, ಇಲ್ಲಿಗೆ ಮುಗೀತು. ನೀನೊಬ್ಳೇ ಹೋಗ್ಬಾ," ಅಂದೆ ನಾನು. ಮುಖಕ್ಕೆ ಸೆರಗು ಹಿಡಿದು ಒಳಗೆ ಹೋದೆ. ಹೊರಗೆ ನಮ್ಮ ಯಜಮಾನರ ದನಿ ಕೇಳಿಸಿತು.

"ನಾನು ಹಿಡೀತೀನಿ."

"ಅಣ್ಣಾ, ನಿನ್ನ ಹುಣ್ಣು?"

"ಅದೂ ನನ್ನ ಜೊತೆ ಕೂತು ಉಣ್ಣಲಿ."

ನಾನು ಹೊರಗೆ ಬಂದು ಜಗಳಕ್ಕೆ ನಿಂತೆ. "ನಿಮಗೆ ತಲೆ ಕೆಟ್ಟಿದೆಯೇನ್ರೀ? ನಾನು ಲಿಸ್ಬನ್ ನೋಡೋಕೆ ಹೋಗಿ ನೀವು ಆಸ್ಪತ್ರೆ ಸೇರಬೇಕಾ?"

"ಒಂದು ದಿನ ತಾನೆ. ನೋಡಣ. ಆಗಲ್ಲ ಅಂದ್ರೆ ಆಗಲ್ಲ ಅಂತೀನಿ."

"ನೀವು ಯಾವತ್ತು ಆಗಲ್ಲ ಅಂದಿದೀರಿ?"

"ಅಂದಿಲ್ಲ, ಅದಕ್ಕೇ ಅಂದಾಗ ನಂಬು," ಅಂದರು. ಅವರ ಜೊತೆ ಜಗಳವಾಡುವುದೆಂದರೆ ಹೀಗೆಯೇ, ಎದುರಿಂದ ಹಿಡಿದು ಎಳೆಯಲು ಏನೂ ಸಿಗುವುದಿಲ್ಲ.

ಪೇಟೆಗೆ ಹೋಗುವ ದಿನ ಗಡಿಕಲ್ಲಿನ ಹತ್ತಿರ ಅರ್ಧ ಊರು ಸೇರಿತ್ತು. ಜೊತೆಗೆ ಬರುವ ನೀಲಾಂಬಿಕೆಯ ತುತ್ತು ಹೊನ್ನಮ್ಮನ ಪಾಲಿಗೆ. ಅಡುಗೆಮನೆಯಲ್ಲಿ ನಾನು ಎಲ್ಲ ಅಣಿಮಾಡಿ ಇಟ್ಟಿದ್ದೆ. ಒಂದು ಬಟ್ಟಲು ಚಟ್ನಿ. ಅದನ್ನು ಸಹಿಸಲು ಬೇಕಾಗುವ ತುಪ್ಪ, ದೊಡ್ಡ ಗಡಿಗೆಯ ತುಂಬ ಮಜ್ಜಿಗೆ. "ಒಮ್ಮೆಗೇ ತಿನ್ಬೇಡಿ, ನಾಲಿಗೆ ತುದೀಲಿ ಸವರಿ ನೋಡಿ. ಉರಿ ಹತ್ತಿದ್ರೆ ನೀರು ಕುಡೀಬೇಡಿ," ಎಂದು ಕಲ್ಲಿನ ಹತ್ತಿರವೂ ಹೇಳುತ್ತಲೇ ಇದ್ದೆ. ಅವರು ಬಾಯಿ ತೆರೆದು ನಿಂತರು. ಮೊಸರನ್ನದ ತುತ್ತು ಇಟ್ಟೆ. ಮದುವೆಯಲ್ಲಿ ಇಟ್ಟದ್ದು ಬಿಟ್ಟರೆ ಅವರ ಬಾಯಿಗೆ ನಾನು ತುತ್ತು ಇಟ್ಟದ್ದು ಅದೇ. ಹಿಂದೆ ಯಾರೋ ಸಿಳ್ಳೆ ಹಾಕಿದರು. ಕಲ್ಲು ದಾಟಿದ ಕೂಡಲೇ ತಲೆಯ ಮೇಲಿಂದ ಹುಲ್ಲಿನ ಹೊರೆ ಯಾರೋ ಎತ್ತಿಕೊಂಡ ಹಾಗಾಯಿತು. ಹಗುರವೆನ್ನಿಸಿದ್ದಕ್ಕೇ ಸಂಕಟವೂ ಆಯಿತು.

ಪೇಟೆಯ ಆಫೀಸಿನಲ್ಲಿ ಗಾಜಿನ ಮೇಲೆ ಬೆರಳಿಡು ಅಂದರು. ಇಟ್ಟೆ. ಯಂತ್ರಕ್ಕೆ ಏನೂ ಕಾಣಲಿಲ್ಲ. ಅಲ್ಲಿ ಕೂತಿದ್ದ ಹುಡುಗಿ ನನ್ನ ಕೈ ತಿರುಗಿಸಿ ನೋಡಿ, "ಆಂಟಿ, ನಿಮ್ಮ ಬೆರಳಲ್ಲಿ ಗೆರೆನೇ ಇಲ್ವಲ್ಲ, ಎಲ್ಲ ಸವೆದುಹೋಗಿದೆ," ಎಂದು ತನ್ನ ಕೈಯಿಂದಲೇ ನನ್ನ ಬೆರಳುಗಳನ್ನು ತಿಕ್ಕಿ ತಿಕ್ಕಿ ಒತ್ತಿಸಿದಳು. ಅಂತೂ ಬಂತು. ಆಮೇಲೆ ಆ ಮಗು ಮರೆತು ಕಣ್ಣುಜ್ಜಿಕೊಂಡಿತು. ಸ್ವಲ್ಪ ಹೊತ್ತು ಆ ಆಫೀಸಿನ ಕೆಲಸವೇ ನಿಂತುಹೋಯಿತು. ಎಲ್ಲರೂ ಅವಳ ಕಣ್ಣಿಗೆ ನೀರು ಚಿಮುಕಿಸುವವರೇ. ನೀಲಾಂಬಿಕೆ ಬಾಗಿಲಲ್ಲಿ ನಿಂತು ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದ್ದಳು. ನನಗೆ ನಗು ಬರಲಿಲ್ಲ. ಬರೀ ಬೆರಳಿಗೇ ಹೀಗಾದರೆ ಊರಲ್ಲಿ ಅವರ ಗತಿ ಏನೋ ಎಂದು ಜೀವ ಹೊಯ್ದಾಡುತ್ತಿತ್ತು.

ಸಂಜೆ ಬಸ್ಸಿಳಿದಾಗ ಹೆದರಿದ್ದ ಹಾಗೆಯೇ ಇತ್ತು. ಗಡಿಕಲ್ಲಿಗೆ ಒರಗಿ ಕೂತಿದ್ದರು. ತಲೆಯ ಮೇಲೆ ಒದ್ದೆ ಟವೆಲು. ಕಣ್ಣು ಕೆಂಡ, ಮೂಗು ಸೋರುತ್ತಿದೆ. ಹೊನ್ನಮ್ಮ ಪಕ್ಕದಲ್ಲಿ ನಿಂತು ಮೊರದಿಂದ ಗಾಳಿ ಬೀಸುತ್ತಿದ್ದಾಳೆ. "ಬಂದ್ಯಾ ತಾಯಿ! ನಾನು ಆವತ್ತು ಅನುಭವಿಸಿದ್ದು ಈಗ ಎಲ್ರಿಗೂ ಗೊತ್ತಾಯ್ತು. ಭಾವನೋರು ಅಂತ ತಡ್ಕೊಂಡ್ರು," ಅಂದಳು. ಸುತ್ತಲಿದ್ದವರೆಲ್ಲ ಅವರನ್ನು ಹೊಗಳಿದ್ದೇ ಹೊಗಳಿದ್ದು. ಅವರು ಹೂಂ ಹೂಂ ಎಂದು ಬಾಯಿಂದ ಗಾಳಿ ಬಿಡುತ್ತ ನನ್ನ ಬಾಯಿಗೆ ತುತ್ತಿಟ್ಟರು. ನನ್ನ ಹಸಿವು ನನಗೆ ಬಂತು. ಹೊಟ್ಟೆ ತುಂಬಿದ ಹಸಿವು, ಬೆಚ್ಚಗೆ ಮಲಗಿದ ಬೆಕ್ಕಿನ ಹಾಗೆ. ಅದನ್ನು ಆಗ ನಾನು ಗಮನಿಸಲಿಲ್ಲ.

"ಸಾಕು ಕಣೆ ನೀಲಾಂಬಿ. ಲಿಸ್ಬನ್ನೂ ಬೇಡ ಏನೂ ಬೇಡ. ಟಿಕೆಟ್ಟು ತೆಗೀಬೇಡ," ಎಂದು ಅಲ್ಲೇ ಎಲ್ಲರ ಮುಂದೆ ಹೇಳಿಬಿಟ್ಟೆ. ನ್ಯಾಯವಾದ ಮಾತು ಎಂದು ಎಲ್ಲರೂ ತಲೆಯಾಡಿಸಿದರು. ನೀಲಾಂಬಿಕೆ ಅಣ್ಣನ ಮುಖ ನೋಡಿ ತನ್ನ ಮನೆಯ ದಾರಿ ಹಿಡಿದಳು.

ಅವರನ್ನು ಜಗುಲಿಯಲ್ಲಿ ಕೂರಿಸಿ, ಇನ್ನಷ್ಟು ಮಜ್ಜಿಗೆ ತರೋಣವೆಂದು ಅಡುಗೆಮನೆಗೆ ಹೋದೆ. ಮಜ್ಜಿಗೆಯ ಗಡಿಗೆ ಕಂಠದ ತನಕ ಇದ್ದ ಹಾಗೇ ಇತ್ತು. ಚಟ್ನಿಯ ಬಟ್ಟಲು ತೆಗೆದೆ. ಮೇಲೆ ಒಣಗಿ ಕೆನೆಗಟ್ಟಿತ್ತು, ಒಂದು ಬೆರಳೂ ತಾಗಿರಲಿಲ್ಲ. ಅನ್ನದ ಪಾತ್ರೆ ಮಾತ್ರ ಕೆರೆದು ಇಟ್ಟಂತೆ ಬರಿದಾಗಿತ್ತು. ಹಾಲಿನ ಪಾತ್ರೆಯೂ ಬರಿದು. ಗೂಟಕ್ಕೆ ತೂಗುಹಾಕಿದ್ದ ಬಾಳೆಹಣ್ಣಿನ ಚಿಪ್ಪಿನಲ್ಲಿ ಉಳಿದದ್ದು ತೊಟ್ಟು. ಬೆಲ್ಲದ ಡಬ್ಬಿಯ ಮುಚ್ಚಳ ಪಕ್ಕದಲ್ಲಿತ್ತು.

ಹಾಲು, ಅನ್ನ, ಬಾಳೆಹಣ್ಣು, ಬೆಲ್ಲ. ಮೂರು ವರ್ಷದ ಕೂಸಿಗೆ ಕಲಸಿ ಕೊಡುವ ಊಟ.

ಹೊರಗೆ ಬಂದು ಬಾಗಿಲು ಮುಂದೆ ಮಾಡಿ, "ರೀ, ಏನಿದು?" ಅಂದೆ.

"ಏನು?"

"ನಾಟಕ ಬೇಡ. ಚಟ್ನಿ ಮುಟ್ಟಿಲ್ಲ ನೀವು."

"ತುತ್ತು ಹಿಡಿದೋರು ಏನೂ ಹೇಳಂಗಿಲ್ಲ," ಎಂದು ಟವೆಲು ತೆಗೆದು ಹಿಂಡಿದರು.

"ಮತ್ತೆ ಕಣ್ಣು?"

"ಕಣ್ಣಿನ ಮಾತು ಹೇಳ್ಬಹುದು. ಬಸ್ಸು ಬರೋ ಹೊತ್ತಾಯ್ತು ಅಂತ ಗಿರಣಿಗೆ ಹೋಗಿ, ಮೂಗಿನ ಬಟ್ಟೆ ಬಿಚ್ಚಿ, ಖಾರದ ಮೂಟೆ ಕೊಡವಿ ಸ್ವಲ್ಪ ಹೊತ್ತು ನಿಂತಿದ್ದೆ. ಅಬ್ಬಾ, ಹೆಂಗೆ ಇರ್ತೀಯೇ ಅದ್ರಲ್ಲಿ?"

"ಯಾಕೆ ಬೇಕಿತ್ತು ಇದೆಲ್ಲ?"

ಅವರು ಎಂದಿನ ಹಾಗೆ ಮಾತನ್ನು ಅಗಿದು ಅಗಿದು ಹೊರಗೆ ತಂದರು. "ನಾನು ನಗ್ತಾ ಕೂತಿದ್ರೆ ಊರೋರು ಏನು ಅಂದ್ಕೋತಿದ್ರು? ಹೇಳದಿದ್ರೂ ಊಹೆ ಮಾಡ್ಕೋತಿದ್ರು. ಖಾರದ ರಾಚಕ್ಕ ಅಂತ ಕರೆಸ್ಕೊಂಡು ಬಾಳಿದೀಯ. ಆ ಹೆಸರು ನಿಂದು. ನಿನಗೆ ಬೇಡ ಅನ್ಸಿದಾಗ ನೀನು ಬಿಡು. ನಾನ್ಯಾಕೆ ಕಿತ್ಕೊಳ್ಳಲಿ?"

ನನಗೆ ಸಿಟ್ಟು ಬಂತು, ನಾಚಿಕೆಯೂ ಆಯಿತು. ಹೊನ್ನಮ್ಮ ಆವತ್ತು ನೆಲದಲ್ಲಿ ಹೊರಳಿದ್ದು ನನ್ನ ಹಸಿವಿನಿಂದಲ್ಲ, ನನ್ನ ಹೆಸರಿನಿಂದ. ಅದು ಬಾಯಿ ತೆರೆಯುವ ಮುಂಚೆಯೇ ಅವಳು ಚಟ್ನಿ ತುರುಕಿದ್ದಳು. ಅವಳನ್ನೇಕೆ ಅನ್ನಲಿ, ನಾನೂ ಅಷ್ಟು ವರ್ಷ ಮಾಡಿದ್ದು ಅದನ್ನೇ. ಘಾಟಿನಲ್ಲಿ ನಾಲಿಗೆ ಮರಗಟ್ಟಿ, ಖಾರ ಬಿಟ್ಟು ಬೇರೇನೂ ತಾಗದೆ, ಖಾರವೇ ನನಗೆ ಬೇಕಾದದ್ದು ಎಂದುಕೊಂಡಿದ್ದೆ. ಸುಮ್ಮನೆ ಕೂತು ಅದರ ಮಾತು ಕೇಳಿದವರು ಈ ಮನುಷ್ಯ ಒಬ್ಬರೇ.

"ಮತ್ತೆ... ಕಷ್ಟ ಆಗ್ಲಿಲ್ವಾ?" ಅಂದೆ.

"ಒಳ್ಳೇ ಹಸಿವು ಕಣೇ. ತಂಟೆ ಇಲ್ಲ. ನಾಲ್ಕು ದಿನ ಏನು, ನಲವತ್ತು ದಿನ ಬೇಕಾದ್ರೂ ಹಿಡೀತೀನಿ," ಎಂದು ಹೇಳಿ, ಇಷ್ಟು ಹೇಳಿದ್ದೂ ಹೆಚ್ಚಾಯಿತೇನೋ ಎಂಬಂತೆ ಬಾಯಿ ಒರೆಸಿಕೊಂಡರು. "ನೀಲಾಂಬಿಗೆ ಟಿಕೆಟ್ ತೆಗೀ ಅಂತ ಹೇಳು ಹೋಗು. ಅದು ಅಳ್ತಾ ಕೂತಿರತ್ತೆ."

ಅವಳು ಅಳುತ್ತಿರಲಿಲ್ಲ, ಕತ್ತರಿ ಹಿಡಿದು ತನ್ನ ಕೂದಲಿನ ತುದಿ ಕತ್ತರಿಸಿಕೊಳ್ಳುತ್ತಿದ್ದಳು. ನಾನು ಹೋಗುವುದು ಗಟ್ಟಿ ಅಂದಾಗ ಕತ್ತರಿ ಕೆಳಗಿಟ್ಟು, "ಅಣ್ಣ ಸಾಯ್ತಾನೆ ಅತ್ಗೆ," ಅಂದಳು. "ಸಾಯಲ್ಲ, ದಪ್ಪ ಆಗ್ತಾರೆ," ಅಂದೆ. ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ಅಲ್ಲಿಂದ ಹೊರಡುವ ತನಕದ ದಿನಗಳು ಸುಖವಾಗಿ ಕಳೆದವು. ಮಾರನೆಯ ದಿನವೂ ನಾನು ಮುದ್ದೆಗೆ ಚಟ್ನಿ ಅರೆದೆ. ಅಭ್ಯಾಸವೂ ಒಂದು ಹಸಿವೇ, ಅದಕ್ಕೂ ಊಟ ಹಾಕಬೇಕು. ಆದರೆ ಉಂಡಮೇಲೆ ಕೈ ತೊಳೆಯದೆ ಸ್ವಲ್ಪ ಹೊತ್ತು ಕೂತಿರುವುದನ್ನು ರೂಢಿ ಮಾಡಿಕೊಂಡೆ. ಖಾರದ ದಿನ ಮೂಗಿಗೆ ಬಟ್ಟೆ ಕಟ್ಟಿಕೊಂಡೆ. ಕಟ್ಟೆಯ ಮೇಲಿದ್ದವರು ನೋಡಿ, ವಿಮಾನದಲ್ಲಿ ಮುಖ ಚೆನ್ನಾಗಿ ಕಾಣಲಿ ಅಂತ ಎಂದು ಅವರಿಗೆ ಅವರೇ ಕಾರಣ ಕೊಟ್ಟುಕೊಂಡರು. ಅಕ್ಕನ ಮಗಳ ಮದುವೆಗೆಂದು ತೆಗೆದಿಟ್ಟು ಪೆಟ್ಟಿಗೆಯಲ್ಲೇ ಮಲಗಿದ್ದ ಸೀರೆ ತೆಗೆದು ಬಿಸಿಲಿಗೆ ಹಾಕಿದೆ. ನೀಲಾಂಬಿಕೆ ನನಗೆ ಗುಡ್ಡ ಹತ್ತಲು ತಕ್ಕ ಬೂಟು ತಂದು, ಹಿಟ್ಟಿನ ಮೂಟೆಗಳ ನಡುವೆ ನಡೆಸಿ ರೂಢಿ ಮಾಡಿಸಿದಳು. ಯಜಮಾನರು ಹಾಲಿನವಳಿಗೆ ನಾಲ್ಕು ದಿನ ಎರಡು ಪಾಲು ಹಾಲು ಬೇಕೆಂದರು. ಯಾಕೆಂದು ಅವಳು ಕೇಳಿದ್ದಕ್ಕೆ, "ಉರಿ ತಡೀಬೇಕಲ್ಲಮ್ಮ," ಅಂದರು. ಅವಳು ಲೊಚಗುಟ್ಟಿ ಒಂದು ಗಿಂಡಿ ಹೆಚ್ಚೇ ಹಾಕಿಹೋದಳು. ಊರಿನ ಕರುಣೆಯೆಲ್ಲ ಅವರ ಮೇಲೆ ಹರಿದು, ಬಾಳೆಗೊನೆ ಕೊಟ್ಟವರು, ತುಪ್ಪ ಕೊಟ್ಟವರು, ಎಳನೀರು ಇಳಿಸಿಕೊಟ್ಟವರು, ಅಂತೂ ಅಡುಗೆಮನೆ ತುಂಬಿತು. ಅವರು ಎಲ್ಲವನ್ನೂ ನೋವಿನ ಮುಖ ಮಾಡಿಕೊಂಡು ತೆಗೆದುಕೊಂಡರು. ಅಷ್ಟು ಚೆನ್ನಾಗಿ ನಾಟಕ ಆಡುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ.

ಗುರುವಾರ ಹಬ್ಬದ ಎಡೆ ಇಟ್ಟು, ಗಡಿಕಲ್ಲಿನ ಹತ್ತಿರ ನಾನು ಅವರಿಗೂ ನೀಲಾಂಬಿಕೆ ಹೊನ್ನಮ್ಮನಿಗೂ ತುತ್ತಿಟ್ಟು, ಬಸ್ಸು ಹತ್ತಿದೆವು. ವಿಮಾನದಲ್ಲಿ ಊಟದ ಗಾಡಿ ತಳ್ಳಿಕೊಂಡು ಬಂದ ಹುಡುಗಿ ನಮ್ಮಿಬ್ಬರನ್ನು ಎಷ್ಟು ಒತ್ತಾಯ ಮಾಡಿದಳೆಂದರೆ, ಕೊನೆಗೆ ನೀಲಾಂಬಿಕೆ ಕಣ್ಣು ಮುಚ್ಚಿ ಜಪ ಮಾಡುವವಳ ಹಾಗೆ ಕೂತುಬಿಟ್ಟಳು.

ಅವಳು ಭೂಪಟದಲ್ಲಿ ತೂತು ಮಾಡಿದ್ದ ಊರು ಅವಳು ಹೇಳಿದ್ದಕ್ಕಿಂತ ಏರಾಗಿತ್ತು. ಹಳದಿ ಟ್ರಾಮು ನಿಜವಾಗಿಯೂ ಮನೆಗಳ ಗೋಡೆ ಸವರಿಕೊಂಡು ಹತ್ತುತ್ತದೆ. ಕಿಟಕಿಯಲ್ಲಿ ಸೀರೆಯಷ್ಟು ಉದ್ದದ ಬಟ್ಟೆಗಳನ್ನು ಒಣಗಲು ಹಾಕಿದ್ದರು. ಕಲ್ಲಿನ ರಂಗೋಲಿಯ ಮೇಲೆ ಕಾಲಿಡುವಾಗ ಮೊದಮೊದಲು ನಾನು ಅಂಚಿನಲ್ಲೇ ನಡೆದೆ. ಎಲ್ಲ ಬೀದಿಗಳೂ ಉರುಳಿ ಉರುಳಿ ಕೊನೆಗೆ ನೀರಿನ ಹತ್ತಿರ ಬಂದು ನಿಲ್ಲುತ್ತವೆ. ಅಲ್ಲೊಂದು ದೊಡ್ಡ ಚೌಕ, ಚೌಕದ ತುದಿಯಲ್ಲಿ ನದಿಯೊಳಕ್ಕೆ ಇಳಿಯುವ ಕಲ್ಲಿನ ಮೆಟ್ಟಿಲು, ಮೆಟ್ಟಿಲಿನ ಎರಡೂ ಕಡೆ ನೀರಲ್ಲಿ ನಿಂತ ಕಂಬ. ನಾನು ಬೂಟು ಬಿಚ್ಚಿ ಕೆಳಗಿನ ಮೆಟ್ಟಿಲಲ್ಲಿ ಕೂತೆ. ನೀರು ಬಂದು ಪಾದ ತೊಳೆದು ಹೋಗುತ್ತಿತ್ತು. ನದಿ ಅಲ್ಲಿ ಆಚೆ ದಡ ಮಸುಕಾಗುವಷ್ಟು ಅಗಲ. ಹಡಗುಗಳು ಇದರ ಮೇಲೇ ಹೊರಟದ್ದು ಎಂದು ನೀಲಾಂಬಿಕೆ ಕೈ ತೋರಿಸಿದಳು. ಪಾಠ ಹೇಳುವ ದನಿ ಇರಲಿಲ್ಲ, ಮೆಲ್ಲಗೆ ಹೇಳಿದಳು. ಬೆನ್ನ ಹಿಂದಿನ ಹೋಟೆಲುಗಳಿಂದ ಮೀನು ಸುಡುವ ವಾಸನೆ, ಬೇಯುವ ರೊಟ್ಟಿಯ ವಾಸನೆ ಬರುತ್ತಿತ್ತು. ಜನ ಮಧ್ಯಾಹ್ನದ ಊಟಕ್ಕೆ ಕೂತಿದ್ದರು. ನಮಗೆ ಅದು ಹೂವಿನಂಗಡಿಯ ಮುಂದೆ ಹಾದಹಾಗೆ, ಬರೀ ವಾಸನೆ.

ಊರಲ್ಲಿ ಆಗ ದೀಪ ಹಚ್ಚಿ ಆಗಿರುತ್ತದೆ ಎಂದು ನೀಲಾಂಬಿಕೆ ಲೆಕ್ಕ ಹಾಕಿ ಫೋನು ಹಚ್ಚಿಕೊಟ್ಟಳು. ಅವರ ದನಿ ಪಕ್ಕದ ಮೆಟ್ಟಿಲಲ್ಲಿ ಕೂತವರ ಹಾಗೆ ಕೇಳಿಸಿತು. ಹೇಳಬೇಕೆಂದುಕೊಂಡಿದ್ದು ಬೇಕಾದಷ್ಟಿತ್ತು. ಬಾಯಿಗೆ ಬಂದದ್ದು ಒಂದೇ.

"ರೀ, ನಂದು ಊಟ ಆಯ್ತಾ?"

ಆ ಕಡೆ ತಟ್ಟೆಯ ಸದ್ದು. ಬಾಯಲ್ಲಿದ್ದದ್ದನ್ನು ಅವರು ನಿಧಾನವಾಗಿ ಅಗಿದು ನುಂಗುವ ತನಕ ನಾನು ಕಾದೆ.

"ಆಗ್ತಾ ಇದೆ. ಎರಡನೇ ಸಲ ಬಡಿಸ್ಕೋತಾ ಇದೀಯ. ಫೋನ್ ಇಡು, ಅನ್ನ ಆರ್ತದೆ."